ಸಾಸಿವೆ ಸಲಹೆ

ಹೊಟ್ಟೆಕಿಚ್ಚಿನಿಂದ ಕಾರು ಬೆಚ್ಚಗಾಗುವಂತಿದ್ದರೆ ಇಡೀ ಹಿಮದೂರು ಯಾಕುತ್ಸ್ಕ್‌ನಲ್ಲಿ ನ್ಯುರ್ಗುನ್‌ನ ಕಾರಿನಷ್ಟು ಬೆಚ್ಚಗಿನದು ಇನ್ನೊಂದು ಇರುತ್ತಿರಲಿಲ್ಲ. ಅವನ ಹೀಟರ್ ಬರೀ ತಣ್ಣನೆ ಗಾಳಿ ಊದುತ್ತಿತ್ತು. ಅದಕ್ಕೇ ಹೆಂಡತಿ ತುಯಾರಾ ದಿನಾ ಪಕ್ಕದ ಮನೆಯ ಮಿಚಿಲ್‌ನ ಕಾರಿನಲ್ಲಿ, ನಗುನಗುತ್ತಾ ಕೆಲಸಕ್ಕೆ ಹೋಗುತ್ತಿದ್ದಳು.

ಒಂದು ದಿನ ಮಿಚಿಲ್‌ನ ರೇಡಿಯೇಟರ್ ತೊಟ್ಟಿಕ್ಕತೊಡಗಿತು.

"ಸಾಸಿವೆ ಪುಡಿ ಹಾಕೋ ಮಾರಾಯ! ನಮ್ಮಪ್ಪ ಜೀವಮಾನವೆಲ್ಲಾ ಅದನ್ನೇ ಹಾಕಿದ್ದು," ಎಂದ ನ್ಯುರ್ಗುನ್, ಜೇನಿನಂಥ ದನಿಯಲ್ಲಿ.

ಸಾಸಿವೆ ತೂತು ಮುಚ್ಚುತ್ತದೆ, ನಿಜ. ಜೊತೆಗೆ ಬಿಸಿನೀರು ಹರಿಯುವ ಹೀಟರ್‌ನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ. ನ್ಯುರ್ಗುನ್‌ನ ಹೀಟರ್ ಕೆಟ್ಟಿದ್ದೇ ಹಾಗೆ.

ಅತ್ತ ಮಿಚಿಲ್ ಪುಡಿ ಸುರಿದ. ಇತ್ತ ನ್ಯುರ್ಗುನ್ ಗ್ಯಾರೇಜ್ ಸೇರಿ, ಹೀಟರ್‌ನ ಎರಡೂ ಪೈಪು ಬಿಚ್ಚಿ, ನೀರನ್ನು ಉಲ್ಟಾ ದಿಕ್ಕಿನಿಂದ ನುಗ್ಗಿಸಿದ. ಕಂದು ಗಂಜಿಯೆಲ್ಲ ಹೋಗಿ ತಿಳಿನೀರು ಬರುವವರೆಗೂ ಬಿಡಲಿಲ್ಲ. ಹೊಸ ಕೂಲೆಂಟ್ ತುಂಬಿ ಕಾರು ಶುರು ಮಾಡಿದರೆ, ಆಹಾ, ಬಿಸಿಗಾಳಿ!

ಮರುದಿನ ಬೆಳಿಗ್ಗೆ ತುಯಾರಾ ಅವನ ಕಾರಿನ ಬಾಗಿಲು ತೆಗೆದಳು. ಅವನ ಮುಖ ಅರಳಿತು. ಅವಳು ಹೋಗಿ ಹಿಂದಿನ ಸೀಟಿನಲ್ಲಿ ಕೂತಳು. ಅವಳ ಪಕ್ಕಕ್ಕೆ, ನಡುಗುತ್ತಾ, ಮಿಚಿಲ್.

"ನಿನ್ನ ಮಾತು ಕೇಳಿ ಪಾಪ ಇವನ ಕಾರು ಐಸಾಗಿದೆ. ಚಳಿಗಾಲ ಮುಗಿಯೋವರೆಗೂ ನಮ್ಜೊತೇನೇ ಬರ್ತಾನೆ," ಎಂದಳು ತುಯಾರಾ.

"ದೊಡ್ಡ ಮನಸ್ಸು ಅಣ್ಣ ನಿಂದು," ಎಂದ ಮಿಚಿಲ್.

ನ್ಯುರ್ಗುನ್ ಕನ್ನಡಿಯಲ್ಲಿ ಇಬ್ಬರನ್ನೂ ನುಂಗುವಂತೆ ನೋಡಿದ.

"ಏ, ಕನ್ನಡಿ ಬಿಟ್ಟು ರಸ್ತೆ ನೋಡೋ! ಹೀಟರ್ ಇನ್ನೊಂಚೂರು ಜಾಸ್ತಿ ಮಾಡು, ಮಿಚಿಲ್‌ಗೆ ಚಳಿ."