ಭಂಡಾರ ಮುಟ್ಟಿದ ಕೈ

"ಏ ಜಾಲಿಮ್!" ಎಂದು ಕೂಗಿ ಬಂಡೆಪ್ಪ ಹೆಗಲ ಮೇಲಿನ ಕಂಬಳಿಯನ್ನು ರಾಜನ ಶಾಲಿನ ಹಾಗೆ ಹಿಂದಕ್ಕೆ ಒಗೆದ. "ಇವತ್ತು ನಿನ್ನ ಗಿರಣಿ ತಿರಗತದ. ನಾಳಿ ಅದರ ಕಲ್ಲಿನ ಮ್ಯಾಲ ಕಾಗಿ ಕೂಡ್ತದ!"

ಹನುಮಪ್ಪನ ಗುಡಿಯ ಕಟ್ಟೆಯ ಕೆಳಗೆ ಕೂತಿದ್ದ ಗಂಡಸರೆಲ್ಲ ಹೋ ಎಂದು ಕೂಗಿದರು. ಮಾತೇನೂ ಬಂಡೆಪ್ಪನದಲ್ಲ. ಹೋದ ವರ್ಷ ಜಹೀರಾಬಾದಿಗೆ ಕುರಿ ಹೊಡೆದುಕೊಂಡು ಹೋದವನು, ಟೆಂಟಿನ ಸಿನಿಮಾದಲ್ಲಿ ಒಂದೇ ಆಟವನ್ನು ಮೂರು ಸಲ ನೋಡಿ ಬಂದಿದ್ದ. ಹೀರೋ ಜಾಲಿಮ್ ಎಂದು ಬೈಯುವ ಕ್ರೂರ ರಾಜನ ಸಿಂಹಾಸನ ಇದ್ದ ಜಾಗದಲ್ಲಿ ಗಿರಣಿಯ ಕಲ್ಲು ತಂದಿಟ್ಟ, ಅಷ್ಟೇ. ಉಳಿದದ್ದೆಲ್ಲ ಹಾಗೆಯೇ ಇತ್ತು, ಏರಿಸಿದ ಎಡಹುಬ್ಬು ಸಹ.

ಗಿರಣಿ ನರಸಿಂಹುಲು ಸಾವಕಾರನದು. ಕಂಗ್ಟಿ ಸುತ್ತಲಿನ ಹಳ್ಳಿಗಳಿಗೆಲ್ಲ ಎಣ್ಣೆ ಇಂಜಿನ್ನಿನ ಗಿರಣಿ ಅದೊಂದೇ. ಮೂರು ಬಣ್ಣದ ಝಂಡಾ ಏರಿಸಿದ್ದಕ್ಕೆ ನಿಜಾಮನ ಪೋಲೀಸರು ಇದೇ ಊರಿನ ಬಕ್ಕಪ್ಪನ ಮಗ ಮರೆಪ್ಪನನ್ನು ಬಡಿದು ಜೈಲಿಗೆ ಒಯ್ದಿದ್ದರು. ಮಗನಿಗೆ ರೊಟ್ಟಿ ಗಂಟು ಹಿಡಿದು ನಾರಾಯಣಖೇಡದ ಕಚೇರಿಯ ಮುಂದೆ ನಿಂತಿದ್ದ ಬಕ್ಕಪ್ಪನ ಎದುರಿಗೇ ನರಸಿಂಹುಲು ಅಮಲ್ದಾರನಿಗೆ ಹೇಳಿದ್ದ: "ಹುಜೂರರ ಉಪ್ಪು ತಿಂದು ಬ್ಯಾರೆ ಝಂಡಾ ಹಚ್ಚವರಿಗಿ ಹಿಂಗೇ ಆಗಬೇಕ್ರಿ. ಇನ್ನಾ ನಾಕು ಬೀಳಬೇಕಿತ್ತು."

"ಇನ್ನ ಮುಂದ ಅವನ ಗಿರಣಿಗಿ ಈ ಊರಿನ ಒಂದು ಕಾಳು ಹೋಗಬಾರದು," ಎಂದರು ಕಿರಾಣಿ ಅಂಗಡಿಯ ವೈಜಿನಾಥಪ್ಪ. "ಮನಿಗೊಬ್ಬರು ಬಂದು ಭಂಡಾರ ಮುಟ್ಟಿ ಆಣಿ ಮಾಡ್ರಿ." ಆಮೇಲೆ ಸ್ವಲ್ಪ ತಡೆದು, "ಅವಂದು ಸೇಂದಿ ಅಂಗಡಿ ಭೀ ಅದ…" ಎಂದರು.

ಕಟ್ಟೆಯ ಕೆಳಗೆ ಒಮ್ಮೆಲೇ ಎಲ್ಲರಿಗೂ ಕೆಮ್ಮು ಹತ್ತಿತು.

"ಸೇಂದಿ ಸರ್ಕಾರದ ಗುತ್ತಿಗಿ ಅದರಿ ಧಣಿ," ಎಂದ ಬಂಡೆಪ್ಪನ ಜತೆ ಕುರಿ ಕಾಯುವ ಖಂಡೆಪ್ಪ, ಕುರಿ ಎಣಿಸುವಾಗಿನ ಗಂಭೀರ ಮುಖ ಮಾಡಿ. "ಗಿರಣಿ ಅಂದ್ರ ಖಾಸ್ ಅವಂದು. ಅದು ಬ್ಯಾರೆ, ಇದು ಬ್ಯಾರೆ."

ಕೊರಳಲ್ಲಿ ಲಿಂಗ ಕಟ್ಟಿದ, ಹೆಂಡ ಮುಟ್ಟದ ವೈಜಿನಾಥಪ್ಪನವರಿಗೆ ಸೇಂದಿಯ ಲೆಕ್ಕಾಚಾರ ಬೇಕಿರಲಿಲ್ಲ. ಮಾತು ಅಲ್ಲಿಗೇ ಬಿಟ್ಟರು. ತಟ್ಟೆಯಲ್ಲಿದ್ದ ಮೈಲಾರಲಿಂಗನ ಭಂಡಾರವನ್ನು, ಆ ಅರಿಶಿನಪುಡಿಯನ್ನು, ಎಲ್ಲರಿಗಿಂತ ಮೊದಲು ಮುಟ್ಟಿದವನು ಬಂಡೆಪ್ಪ. ಹಿಂದಿನಿಂದ ಯಾರೋ ಸೀಟಿ ಹೊಡೆದರು.

ಮನೆಯಲ್ಲಿ ಅವ್ವ ಮಾಳಮ್ಮ ಅವನ ಹಳದಿ ಬೆರಳು ನೋಡಿ, "ಏನಂತ ಮುಟ್ಟಿದಿ?" ಎಂದಳು.

ಬಂಡೆಪ್ಪ ಕಂಬಳಿ, ಹುಬ್ಬು ಸಮೇತ ಇಡೀ ಆಟ ತೋರಿಸಿದ. ಅವ್ವ ನಗಲಿಲ್ಲ. ಎದ್ದು ಹಿತ್ತಲಿಗೆ ಹೋದಳು. ಗಿರಣಿ ಬಂದ ಮೇಲೆ ಬೀಸುಕಲ್ಲು ಬೇವಿನ ಬುಡ ಸೇರಿತ್ತು. ಅದರ ಮೇಲೆ ಕೋಳಿ ಕೂತಿತ್ತು. ಎಡಗೈಯಿಂದ ಅದನ್ನು ಓಡಿಸಿದಳು. ಟಗರು ಗುದ್ದಿ ಕೆಡಹಿದ ದಿನದಿಂದ ಅವಳ ಬಲಭುಜ ಮೇಲೆ ಏಳುತ್ತಿರಲಿಲ್ಲ.

"ಭಂಡಾರ ನೀ ಮುಟ್ಟಿದಿ. ಕಲ್ಲು ನಾ ಮುಟ್ಟಬೇಕು."

"ಮತ್ತ ಆ ನರಸಿಂಹುಲು ಅಂದದ್ದು ಛಲೋ ಏನವ್ವ?"

"ಅವನ ಬಾಯಾಗ ಹುಳ ಬೀಳಲಿ. ಮರೆಪ್ಪ ನನ್ನ ಉಡಿಯಾಗ ಆಡಿದ ಕೂಸು. ನಾ ಅಂದದ್ದು ಅದಲ್ಲ. ಮುಟ್ಟಾಕಿಂತ ಮೊದಲ ಮನಿಗಿ ಬಂದು ಒಂದ್ ಮಾತು ಕೇಳಿದ್ದೇನು?"

ಕೇಳಿರಲಿಲ್ಲ. ಊರಿನ ಯಾವ ಗಂಡಸೂ ಕೇಳಿರಲಿಲ್ಲ.

ಕಲ್ಲುಕುಟಿಗ ಬಂದು ನುಣ್ಣಗಾಗಿದ್ದ ಕಲ್ಲುಗಳಿಗೆ ಉಳಿ ಹಾಕಿ ಹೋದ. ಊರಿನ ಬೆಳಗು ಮತ್ತೆ ಗರಗರ ಸದ್ದಿನಿಂದ ಶುರುವಾಯಿತು. ವೈಜಿನಾಥಪ್ಪನವರ ಮನೆಯ ಜೋಳ ಬೀಸಲು ಕೂಲಿಯ ಸಾಯಮ್ಮ ಹೋಗುತ್ತಿದ್ದಳು, ತನ್ನ ಮನೆಯದನ್ನು ಬೀಸಿಟ್ಟು. ತಿಂಗಳೊಳಗೆ ರಟ್ಟೆ ಸೋತ ಹೆಂಗಸರು ಬಾವಿಯಲ್ಲಿ ಕೊಡ ಎತ್ತಿ ತಲೆಗಿಡಲು ಒಬ್ಬರಿಗೊಬ್ಬರು ಕೈ ಕೊಡಬೇಕಾಯಿತು. ಮಾಳಮ್ಮನಿಗೆ ತನ್ನ ತುರುಬು ತಾನು ಕಟ್ಟಲಾಗದೆ ಕೂದಲು ಬೆನ್ನ ಮೇಲೇ ಬಿತ್ತು.

"ಯವ್ವಾ, ಗುಟ್ಟಾಗಿ ನಾ ಒಯ್ದು ಗಿರಣಿಗಿ ಹಾಕ್ಸಿಕೊಂಡು ಬರ್ತೀನಿ. ಯಾರಿಗಿ ತಿಳೀತದ?" ಎಂದ ಬಂಡೆಪ್ಪ.

"ಮೈಲಾರಲಿಂಗಗ ಭೀ ಸಿನಿಮಾ ತೋರಸ್ತಿ ಏನು?" ಎಂದಳು ಅವ್ವ. ಹಿಡಿ ಜೋಳ ಹಾಕಿ ಕಲ್ಲು ತಿರುಗಿಸಿದಳು.

ಅಂದು ಸಂಜೆ ಬಂಡೆಪ್ಪ ಎಂದಿನಂತೆ ಸೇಂದಿ ಅಂಗಡಿಗೆ ಹೋದ. ಕಟ್ಟೆಯ ಕೆಳಗೆ ಹೋ ಎಂದವರೆಲ್ಲ ಅಲ್ಲೇ ಇದ್ದರು. ಮೂಲೆಯಲ್ಲಿ ಬಕ್ಕಪ್ಪ ಇದ್ದ. ನಡುವೆ ಗಾದಿಯ ಮೇಲೆ ನರಸಿಂಹುಲು ಸಾವಕಾರನೇ ಕೂತಿದ್ದ.

"ಬಾ ಬಾ, ಹೀರೋ ಬಂದ!" ಎಂದ ಸಾವಕಾರ. "ನನ್ನ ಗಿರಣಿ ಮ್ಯಾಲ ಕಾಗಿ ಕೂಡಿಸ್ತಿ ಅಂತಲ್ಲ, ಆ ಡೈಲಾಗ್ ಹೊಡಿ. ನಾನೂ ಕೇಳ್ತೀನಿ. ಇವನಿಗೊಂದು ಮಗಿ ಸೇಂದಿ ಕೊಡ್ರೋ, ನನ್ನ ಕಡಿಂದ."

ಜನ ನಕ್ಕರು. ಬಂಡೆಪ್ಪನಿಗೆ ಹುಬ್ಬು ತಾನಾಗಿಯೇ ಏರಿತು. ನೋಡುವವರಿದ್ದರೆ ಅದು ಯಾರ ಮಾತೂ ಕೇಳುವುದಿಲ್ಲ. "ಏ ಜಾಲಿಮ್…" ಎಂದು ಶುರು ಮಾಡಿದ, ಮುಗಿಸಿದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಸಾವಕಾರ.

"ಕಾಗಿ ಕೂಡಲಿ ಬಿಡಪ್ಪ," ಎಂದ ಅವನು ಕಣ್ಣೊರೆಸಿಕೊಳ್ಳುತ್ತ. "ಇಂಜಿನ್ನಿಗಿ ಎಣ್ಣಿ ಸಿಗ್ತಿರಲಿಲ್ಲ, ನಾನೇ ಬಂದ್ ಮಾಡವ ಇದ್ದೆ. ನಿಮ್ಮ ಹೆಣ್ಮಕ್ಕಳು ಮನ್ಯಾಗ ಬೀಸ್ಲಿ. ನೀವು ಗಂಡಸರು ಇಲ್ಲಿ ಬರ್ರಿ. ಅಷ್ಟು ಸಾಕು ನನಗ."

ಯಾರೂ ಎದ್ದು ಹೋಗಲಿಲ್ಲ. ಖಂಡೆಪ್ಪನ ಮಗಿ ಖಾಲಿಯಾಗಿತ್ತು. ಅದನ್ನು ಮುಂದೆ ಚಾಚಿದ.

ಮರುದಿನ ಬೆಳಿಗ್ಗೆ ಬಂಡೆಪ್ಪ ಮನೆಯ ಭಂಡಾರದ ಚೀಲ ಹಿಡಿದು ಕಟ್ಟೆಗೆ ಹೋದ.

"ಸೇಂದಿಗಿ ಭೀ ಆಣಿ ಮಾಡಮು. ಮುಟ್ರಿ."

"ನಿನ್ನೆ ಪುಕ್ಕಟ ಮಗಿ ಕುಡಿದವ ಯಾರೋ?" ಎಂದ ಖಂಡೆಪ್ಪ.

"ನಾನೇ. ಅದಕ್ಕೇ ಮೊದಲ ನಾ ಮುಟ್ಟತೀನಿ." ಮುಟ್ಟಿದ. ಚೀಲವನ್ನು ಖಂಡೆಪ್ಪನ ಮುಂದೆ ಹಿಡಿದ. ಖಂಡೆಪ್ಪ ಗುಡಿಯ ಗಂಟೆ ನೋಡುತ್ತ ಕೂತ. ಮುಂದಿನವನು ಚಪ್ಪಲಿ ಹುಡುಕಿಕೊಂಡು ಎದ್ದ. ಕೊನೆಗೆ ಬಂಡೆಪ್ಪ ಬಕ್ಕಪ್ಪನ ಎದುರು ನಿಂತ.

"ಕಾಕಾ, ನಿಮ್ಮ ಮಗನ ಸಲುವಾಗೇ ಅಲ್ಲೇನ್ರಿ ಇದೆಲ್ಲ?"

ಬಕ್ಕಪ್ಪ ಚೀಲದ ಕಡೆ ಕೈ ಚಾಚಿದ. ಹಿಂದಕ್ಕೆ ತೆಗೆದುಕೊಂಡ.

"ಕಣ್ಣು ಮುಚ್ಚಿದ್ರ ಅವನ ಬೆನ್ನೇ ಕಾಣಸ್ತದೋ ತಮ್ಮಾ," ಎಂದ. "ಕುಡಿದ್ರ ಕಾಣಸಲ್ಲ."

ಬಂಡೆಪ್ಪ ಚೀಲವನ್ನು ಕೆಳಗಿಳಿಸಿದ.

"ಸೇಂದಿ ಸುದ್ದಿ ಬಿಡೋ," ಎಂದ ಖಂಡೆಪ್ಪ. "ಆ ಕಾಗಿ ಡೈಲಾಗ್ ಹೊಡಿ, ಕೇಳಮು."

ಬಂಡೆಪ್ಪ ಚೀಲದ ಬಾಯಿ ಕಟ್ಟಿಕೊಂಡು ಮನೆಗೆ ಬಂದ.

ಅವ್ವ ಪಡಸಾಲೆಯಲ್ಲಿ ಕಲ್ಲಿನ ಮುಂದೆ ಕೂತಿದ್ದಳು. ಬಲಗೈಯನ್ನು ಸೆರಗಿನಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದಳು. ಎಡಗೈಯಿಂದ ಗೂಟ ಹಿಡಿದು ಎಳೆದರೆ ಕಲ್ಲು ಅರ್ಧ ಸುತ್ತಿಗೆ ನಿಲ್ಲುತ್ತಿತ್ತು. ಕೈ ಬಿಟ್ಟು, ಮತ್ತೆ ಹಿಡಿದು, ಉಳಿದರ್ಧ.

"ಅತ್ತಾಗ ಸರಿ ಯವ್ವಾ, ನಾ ಬೀಸ್ತೀನಿ."

"ಗಂಡಸು ಕಲ್ಲಿಗಿ ಕೂತ್ರ ಊರು ನಗ್ತದ."

"ಊರು ನಗಸಾದೇ ಅಲ್ಲೇನು ನನ್ನ ಕೆಲಸ," ಎಂದು ಬಂಡೆಪ್ಪ ಎದುರಿಗೆ ಕಾಲು ಚಾಚಿ ಕೂತು ಗೂಟ ಹಿಡಿದ.

ಕಲ್ಲು ಅವನು ತಿಳಿದದ್ದಕ್ಕಿಂತ ಭಾರವಾಗಿತ್ತು. ಅವಸರಕ್ಕೆ ತಿರುಗಿಸಿದರೆ ಕಾಳು ಹಾಗೇ ಹೊರಗೆ ಸಿಡಿಯುತ್ತಿತ್ತು. ಬಾಗಿಲಲ್ಲಿ ನೀರಿಗೆ ಹೊರಟ ಇಬ್ಬರು ನಿಂತು ನೋಡಿ, ಬಾಯಿಗೆ ಸೆರಗಿಟ್ಟು ಹೋದರು. ಅಷ್ಟರಲ್ಲಿ ಕಟ್ಟೆಯ ಕಡೆಯಿಂದ "ಏ ಜಾಲಿಮ್!" ಎಂದು ಖಂಡೆಪ್ಪನ ದನಿ ಬಂತು. ಅದು ಸಿನಿಮಾದ ಹೀರೋನ ನಕಲಲ್ಲ. ಬಂಡೆಪ್ಪನ ನಕಲು. ಚೆನ್ನಾಗಿಯೇ ಮಾಡಿದ. ಗಂಡಸರೆಲ್ಲ ಹೋ ಎಂದರು.

ಬಂಡೆಪ್ಪ ತಲೆ ಎತ್ತಲಿಲ್ಲ. ಕಲ್ಲಿನ ಸುತ್ತ ಹಿಟ್ಟಿಗಿಂತ ನುಚ್ಚೇ ಹೆಚ್ಚು ಬಿದ್ದಿತ್ತು. ಬೆರಳಿನ ಅರಿಶಿನ ಗೂಟಕ್ಕೆ ಅಂಟಿ, ಅಂಗೈಯಲ್ಲಿ ಆಗಲೇ ಎದ್ದ ಗುಳ್ಳೆಯೊಂದು ಹಳದಿಯಾಗಿತ್ತು.

"ಮೆಲ್ಲಕ," ಎಂದು ಅವ್ವ ಎಡಗೈಯಿಂದ ಇನ್ನೊಂದು ಹಿಡಿ ಜೋಳ ಹಾಕಿದಳು.