ಗೋಡೆಗೆ ಮೂಗು ಕೊಟ್ಟು ನಿಂತ ಕಾರು

ಇರುವ ಒಂದೇ ಬಾಗಿಲೂ ಮುಂಭಾಗದಲ್ಲಿರುವ ಪುಟ್ಟ ಕಾರನ್ನು ಗೋಡೆಗೆ ಒತ್ತಿ ನಿಲ್ಲಿಸಬಾರದು ಅನ್ನುವುದು ಮ್ಯೂನಿಕ್ಕಿನ ಮಕ್ಕಳಿಗೂ ಗೊತ್ತು. ಕಾರ್ಖಾನೆಯಲ್ಲಿ ನನ್ನ ಗಂಡ ಕೊರ್ಬಿನಿಯನ್ ಜೋಡಿಸುವುದೇ ಆ ಬಾಗಿಲುಗಳನ್ನು. ಆದರೂ ೧೯೫೯ರ ಆ ಡಿಸೆಂಬರಿನಲ್ಲಿ ಸಭಾಭವನದ ಗೋಡೆಗೆ ಮೂಗು ತಾಗಿಸಿಯೇ ನಿಲ್ಲಿಸಿದ. ತಪ್ಪು ತಿಳಿದು ಹಿಂದೆ ತೆಗೆಯುವಷ್ಟರಲ್ಲಿ ಸ್ಟುಟ್‌ಗಾರ್ಟಿನ ಉದ್ದನೆಯ ಕರಿ ಕಾರೊಂದು ಬಂದು ನಮ್ಮ ಬೆನ್ನಿಗೆ ಅಂಟಿ ನಿಂತಿತು. ಅದರ ಯಜಮಾನರು ಇಳಿದು ಒಳಗೆ ನಡೆದರು.

ನಷ್ಟದಲ್ಲಿದ್ದ ನಮ್ಮ ಕಾರ್ಖಾನೆಯನ್ನು ಸ್ಟುಟ್‌ಗಾರ್ಟಿನ ದೊಡ್ಡ ಕಾರು ಕಂಪನಿಯವರಿಗೆ ಮಾರುವ ಸಭೆ ಅದು. ಮಾರಿದರೆ ಪುಟ್ಟ ಕಾರುಗಳ ತಯಾರಿ ನಿಲ್ಲುತ್ತದೆ, ಕೊರ್ಬಿನಿಯನ್ನನ ಕೆಲಸವೂ ಹೋಗುತ್ತದೆ. ಅವನ ಹೆಸರಿನಲ್ಲಿ ನಾಲ್ಕು ಷೇರುಗಳಿದ್ದವು. ಎಲ್ಲರಂತೆ ಅವನೂ ಅವನ್ನು ಬ್ಯಾಂಕಿನಲ್ಲಿಟ್ಟು, ನನ್ನ ಪರವಾಗಿ ನೀವೇ ಮತ ಹಾಕಿ ಎಂದು ಪ್ರತಿವರ್ಷ ಓದದೆ ಸಹಿ ಹಾಕುತ್ತಿದ್ದ. ಈ ಸಲ ಬ್ಯಾಂಕು ಮಾರುವ ಕಡೆಗೇ ಮತ ಹಾಕುವುದೆಂದು ಹಿಂದಿನ ದಿನ ಗೊತ್ತಾಯಿತು. ತನ್ನ ಕುತ್ತಿಗೆಗೆ ತಾನೇ ಹಗ್ಗ ಬಿಗಿದುಕೊಂಡಿದ್ದ. ಬ್ಯಾಂಕು ಮತ ಹಾಕುವ ಮೊದಲೇ ಸಭೆಯಲ್ಲಿ ಎದ್ದು ನಿಂತು ಆ ಹಕ್ಕನ್ನು ವಾಪಸ್ ಕೇಳಬೇಕಿತ್ತು.

"ಕಾರು ಸ್ವಲ್ಪ ಹಿಂದೆ ತಗೊಳಪ್ಪಾ!" ಎಂದು ಕರಿ ಕಾರಿನಲ್ಲಿ ಕೂತಿದ್ದ ಡ್ರೈವರನಿಗೆ ಒಳಗಿನಿಂದಲೇ ಕೂಗಿದೆ.

"ಇಲ್ಲೇ ನಿಲ್ಸು ಅಂದಿದಾರೆ ಯಜಮಾನ್ರು. ಅವ್ರು ಹೇಳ್ದೆ ನಾನು ಅಲ್ಲಾಡಲ್ಲಮ್ಮ," ಎಂದ ಡ್ರೈವರ್.

ಹೊರಬರಲು ಉಳಿದದ್ದು ತಲೆಯ ಮೇಲಿನ ಬಟ್ಟೆಯ ಮಾಡು ಒಂದೇ. ಅದನ್ನು ಮಡಿಸಿ ಕೊರ್ಬಿನಿಯನ್ ತಲೆ ಹೊರಹಾಕಿದ. ಹೊಟ್ಟೆ ಸಿಕ್ಕಿಕೊಂಡಿತು.

"ದಿನಾ ಎರಡೆರಡು ಬಿಯರ್ ಬೇಡ ಅಂತ ಬಡ್ಕೊಂಡೆ, ಕೇಳಿದ್ಯಾ?"

"ಬೈಯೋದು ಆಮೇಲೆ ಕಣೇ ವಾಲ್ಬುರ್ಗಾ, ಈಗ ತಳ್ಳು!"

ಹೆಗಲು ಕೊಟ್ಟು ತಳ್ಳಿದೆ. ಕೋಟಿನ ಎರಡು ಗುಂಡಿ ನನ್ನ ಮಡಿಲಿಗೆ ಬಿದ್ದವು. ಅವನು ಹಿಮದ ಮೇಲೆ ಉರುಳಿ, ಎದ್ದು, ಟೋಪಿಯನ್ನೂ ಹುಡುಕದೆ ಓಡಿದ.

ನಾನು ಒಳಗೇ ಉಳಿದೆ. ಸ್ಟುಟ್‌ಗಾರ್ಟಿನವನ ಎದುರು ಲಂಗ ಎತ್ತಿಕೊಂಡು ಹತ್ತುವವಳಲ್ಲ ನಾನು. ಮಧ್ಯಾಹ್ನ ಕಳೆಯಿತು. ಕಾಲು ಮರಗಟ್ಟಿತು. ಒಳಗಿನಿಂದ ಒಮ್ಮೊಮ್ಮೆ ಗದ್ದಲ ಕೇಳುತ್ತಿತ್ತು. ಯಾರು ಗೆಲ್ಲುತ್ತಿದ್ದಾರೆ ಅನ್ನುವುದು ಮಾತ್ರ ತಿಳಿಯಲೊಲ್ಲದು. ಆ ಎರಡು ಗುಂಡಿಗಳನ್ನು ಈ ಕೈಯಿಂದ ಆ ಕೈಗೆ ಹಾಕುತ್ತ ಕೂತೆ. ಬಾಡಿಗೆ ಮನೆ, ಮುಂದಿನ ಚಳಿಗಾಲದ ಕಲ್ಲಿದ್ದಲು, ಐವತ್ತು ದಾಟಿದವನಿಗೆ ಯಾರು ಕೆಲಸ ಕೊಡುತ್ತಾರೆ? ಡ್ರೈವರ್ ಮಾಡಿನಿಂದ ಕಾಫಿ ಇಳಿಸಿಕೊಟ್ಟ.

"ಕುಡೀರಮ್ಮಾ. ನಾಳೆಯಿಂದ ನಾವೂ ನೀವೂ ಒಂದೇ ಮನೆಯವ್ರು."

"ನಿಮ್ಮನೆ ಸೊಸೆಯಾಗೋಕೆ ನಾವೇನು ತುದಿಗಾಲಲ್ಲಿ ನಿಂತಿಲ್ಲ," ಎಂದೆ. ಕಾಫಿ ಮಾತ್ರ ಬಿಡಲಿಲ್ಲ.

ದೀಪ ಹತ್ತುವ ಹೊತ್ತಿಗೆ ಜನ ಹೊರಬಂದರು. ಕರಿ ಕಾರಿನ ಯಜಮಾನರು ಯಾರನ್ನೂ ನೋಡದೆ ಹತ್ತಿ ಕೂತರು. ಡ್ರೈವರ್ ಕಾರು ಹಿಂದೆ ತೆಗೆದ. ಆಗ ಕೊರ್ಬಿನಿಯನ್ ಬಂದ.

"ಏನಾಯ್ತೋ? ಬಾಯಿ ಬಿಡೋ!"

"ಎದ್ದು ನಿಂತು, ನನ್ನ ಮತ ನಂಗೆ ಕೊಡಿ ಅಂದೆ. ನಿಮ್ಮ ನಾಲ್ಕು ಷೇರಿಂದ ಏನಾಗತ್ತೆ ಅಂತ ಬ್ಯಾಂಕಿನೋನು ನಕ್ಕ. ಹಿಂದಿನ ಸಾಲಲ್ಲಿ ಒಬ್ಬಳು ಹಾಲಿನಂಗಡಿಯವಳು ಎದ್ದು, ನನ್ನದೂ ಕೊಡಿ ಅಂದ್ಲು. ಆಮೇಲೆ ಒಬ್ರಾದ ಮೇಲೊಬ್ರು ಎದ್ರು ಕಣೇ..."

"ಮಾರಿದ್ರಾ ಇಲ್ವಾ?"

"ಮಾರ್ಲಿಲ್ಲ."

ಹಿಂದಿನಿಂದ ಕಾರನ್ನು ಎಳೆದು, ಮುಂದೆ ಬಂದು ಹಿಡಿ ತಿರುಗಿಸಿ ಬಾಗಿಲು ತೆರೆದ. ಇಳಿ ಅಂದಾನೆಂದುಕೊಂಡೆ. ಅವನು ಬಾಗಿಲ ಕೀಲುಗಳ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತ. ಗಡ್ಡದ ಮೇಲೆ ಕಣ್ಣೀರು ಇಳಿಯುತ್ತಿತ್ತು. ಬೆಳಗಿನಿಂದ ಕೂಡಿಟ್ಟ ಬೈಗುಳವೆಲ್ಲ ನನಗೆ ಮರೆತೇಹೋಯಿತು. ಪಕ್ಕಕ್ಕೆ ಸರಿದು ಜಾಗ ಮಾಡಿದೆ.

"ಬಾ, ಕೂತ್ಕೋ. ಗುಂಡಿ ಹೊಲಿದುಕೊಡ್ತೀನಿ. ಬೆಳಿಗ್ಗೆ ಕೆಲಸಕ್ಕೆ ಹೋಗ್ಬೇಕಲ್ಲ ನೀನು," ಎಂದೆ.