ಹೆಸರುಸೂಚಿ ಬಂದ ಮಧ್ಯಾಹ್ನ

ಮತ್ತೆ ಖಾಲಿ, ಪರದೆಯ ಮೇಲೆ ಕೊನೆಯ ಪುಟ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ, ‘ಹೆಸರುಸೂಚಿ’ ಎಂಬ ತಲೆಬರಹವೂ ಇಲ್ಲ — ನೀಲಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು, ಕನ್ನಡಕದ ತಪ್ಪಲ್ಲ ಇದು, ಶಿಗ್ಗಾಂವಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು ಪುಟ ಕಟ್ಟುವ ತಂತ್ರಾಂಶ ಲೇಟೆಕ್‌ನಲ್ಲಿ ತಾನೇ ಪುಸ್ತಕ ಹೊಂದಿಸುತ್ತೇನೆ ಅಂತ ಹೊರಟರೆ ಇನ್ನೇನಾಗುತ್ತದೆ, ಆದರೂ ಯಾಕೋ ಬೇಸರವಿಲ್ಲ, ಹಾನಗಲ್ಲು, ಸವಣೂರು, ಹಿರೇಕೆರೂರು ಅಂತ ಬಸ್ಸು ಹತ್ತಿ ಇಳಿದು ಕೌದಿ ಹೊಲಿಯುವ ಹೆಂಗಸರ ಕಟ್ಟೆಯ ಮೇಲೆ ಕುಳಿತದ್ದು, ಅವರು ಕೊಟ್ಟ ಚಹಾ, ಹಳೆ ಸೀರೆಗಳ ಮೆತ್ತನೆ ವಾಸನೆ, ಎಲ್ಲ ಈ ಪುಟಗಳಲ್ಲಿದೆ, ಹುಡುಕುವ ದಾರಿ ಮಾತ್ರ ಇಲ್ಲ. ಸೂಚಿ ಬಿಟ್ಟಬಿಡ್ರಿ ಮೇಡಂ, ಯಾರು ನೋಡ್ತಾರ, ಸಂಜಿ ಒಳಗ ಫೈಲ್ ಕಳಸ್ರಿ, ಬೆಳಿಗ್ಗೆ ಪ್ರೆಸ್ಸಿನ ಚನ್ನೇಶ ಫೋನಿನಲ್ಲಿ ಹೇಳಿದ್ದ, ಯಾರು ನೋಡ್ತಾರ — ನೋಡುವವಳು ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದಾಳೆ, ಸವಣೂರಿನ ಚಾಂದಬಿ, ಬಂದವಳೇ ಕೇಳಿದ್ದಳು, ನಮ್ಮವ್ವನ ಹೆಸರು ಎಲ್ಲೈತ್ರಿ ಅಕ್ಕಾರ, ಇಡೀ ಪುಸ್ತಕ ತಿರುವಿ ಹುಡುಕಾಕ ನನಗ ಅಷ್ಟು ಓದಾಕ ಬರಾಂಗಿಲ್ಲ. ಅವಳ ಅವ್ವ ಹಯಾತಬಿ ಈಗಿಲ್ಲ. ಅಂದು, ನೀಲಾ ಹೆಸರು ಕೇಳಿದಾಗ, ದಾರ ಹಲ್ಲಿನಿಂದ ಕಡಿಯುತ್ತ, ಹೆಸರು ಯಾಕ ಬೇಕವ್ವಾ, ಕೌದಿ ಬೆಚ್ಚಗಿದ್ರ ಸಾಕಲ್ಲ ಅಂದಿದ್ದಳು, ನೀಲಾ ಹೊಸ್ತಿಲು ದಾಟಿದ ಮೇಲೆ ಹಿಂದಿನಿಂದ ಕೂಗಿದ್ದಳು, ಹಯಾತಬಿ ಅಂತ ಬರಕೊ, ತಪ್ಪಬ್ಯಾಡ.

ಇಲ್ಲ, ಸೂಚಿ ಬಿಡುವುದಿಲ್ಲ, ಕಂಪ್ಯೂಟರ್ ಕಲಿಸುವ ಜಾಕೀರನಿಗೇ ಫೋನು ಮಾಡಿದಳು, ಅವನು ನಕ್ಕ, ಮೇಡಂ, ಒಂದ ಸಲ ಕಂಪೈಲ್ ಮಾಡಿ ಪುಟ ಕಟ್ಟಿದ್ರ ಸೂಚಿ ಬರಾಂಗಿಲ್ರಿ, ಸೆಟ್ಟಿಂಗ್‌ನಾಗ ಕಂಪೈಲ್, ಆಮ್ಯಾಲ ಇಂಡೆಕ್ಸ್, ಮತ್ತ ಕಂಪೈಲ್, ಹಂಗ ಸಾಲಾಗಿ ಹಾಕ್ರಿ, ಮತ್ತ ಆ ಹಳೇ ಇಂಡೆಕ್ಸ್ ಟೂಲ್ ಬ್ಯಾಡ, ಕನ್ನಡ ಅಕ್ಷರಗಳ ಸಾಲು ತಿಳಿಯೂದು ಇನ್ನೊಂದೈತಿ, ಅದನ್ನ ಆರಿಸ್ರಿ. ಆರಿಸಿದಳು, ಸಾಲಾಗಿ ಹಾಕಿದಳು, ಗುಂಡಿ ಒತ್ತಿದಳು, ಕೆಳಗೆ ಅಕ್ಷರಗಳು ಸರಸರ ಓಡಿದವು, ತಪ್ಪು ತೋರಿಸುವ ಕೆಂಪು ಬರಲಿಲ್ಲ, ಕೆಂಪು ಬರಲೇ ಇಲ್ಲ — ಪುಟ ತುಂಬಿತು, ಅ, ಚ, ದ, ಮ, ಒಂದೊಂದು ಅಕ್ಷರದ ಕೆಳಗೂ ಹೆಂಗಸರು, ಕಟ್ಟೆಯ ಮೇಲೆ ಕುಳಿತಂತೆ ಒತ್ತೊತ್ತಾಗಿ, ಕೊನೆಗೆ ಹ, ಅಲ್ಲಿ ಮಾಸೂರಿನ ಹಾಲವ್ವನಿಗಿಂತ ಮೊದಲು ಅವಳು. ಚಾಂದಬಿ ಮುಂದಕ್ಕೆ ಬಾಗಿದಳು, ಹ… ಯಾ… ತ… ಬಿ, ಉಸಿರು ಬಿಟ್ಟಳು, ಬಾಜೂಕ ಈ ಅಂಕಿ ಏನ್ರಿ ಅಕ್ಕಾರ, ಆ ಪುಟದಾಗ ನಿಮ್ಮವ್ವ ಅದಾರ, ತಗದು ತೋರಸ್ಲೇನು, ನೀಲಾ ಕೇಳಿದಳು, ತಡೀರಿ ಅಕ್ಕಾರ, ಸ್ವಲ್ಪ ಇಲ್ಲೇ ಇರ್ಲಿ. ಇರಲಿ, ಅವಸರವೇನು, ಸಂಜೆಗೆ ಇನ್ನೂ ಹೊತ್ತಿದೆ, ಚನ್ನೇಶನಿಗೆ ಕಳಿಸಬೇಕು, ಚಹಾಕ್ಕಿಡಬೇಕು, ಜಾಕೀರನಿಗೆ ಬಂತು ಅಂತ ಹೇಳಬೇಕು — ಆ ಬೆರಳು, ಸೂಜಿ ಚುಚ್ಚಿ ಚುಚ್ಚಿ ತುದಿ ಗಟ್ಟಿಯಾದ ಚಾಂದಬಿಯ ಬೆರಳು, ಪರದೆಗೆ ತಾಗಿಯೂ ತಾಗದ ಹಾಗೆ — ಕಳಿಸಬೇಕು, ಹೌದು, ಕಳಿಸಬೇಕು — ಆ ಬೆರಳು, ಅವ್ವನ ಹೆಸರಿನ ಅಡಿಯಲ್ಲಿ ನಿಂತೇ ಇದೆ, ಆ ಬೆರಳು…